ಮದ್ದಿನ ಯಮನಮ್ಮನೂ ಚಂದ್ರನ ಗುಂಡಿಗಳೂ

ಮಸ್ಕಿ ಸುತ್ತಿನ ಹಳ್ಳಿಗಳಲ್ಲಿ ಯಮನಮ್ಮ ಎಂದರೆ ಯಾವ ಯಮನಮ್ಮ ಎಂದು ಕೇಳುತ್ತಿದ್ದರು. ಮದ್ದಿನ ಯಮನಮ್ಮ ಎಂದರೆ ಮಾತ್ರ ಮಕ್ಕಳೂ ಮುಂದೆ ಬಂದು ಮನೆ ತೋರಿಸುತ್ತಿದ್ದವು. ಬಾವಿ ತೋಡುವಾಗ ಬಂಡೆ ಅಡ್ಡ ಬಂದರೆ ಅದಕ್ಕೆ ತೂತು ಹೊಡೆದು, ಕರಿಮದ್ದು ತುಂಬಿ, ಬತ್ತಿಗೆ ಬೆಂಕಿ ತಾಗಿಸಿ ಹಾರಿಸುವುದು ಆಕೆಯ ಕೆಲಸ. ನಿಜಾಮರ ರಾಜ್ಯದಲ್ಲಿ ಮದ್ದು ಇಟ್ಟುಕೊಳ್ಳುವುದಕ್ಕೆ ಪರವಾನಗಿ ಬೇಕಿತ್ತು. ಆ ಕಾಗದ ಆಕೆಯ ಗಂಡ ಮುದುಕಪ್ಪನ ಹೆಸರಲ್ಲಿತ್ತು. ಮುದುಕಪ್ಪ ಹಾರೆ ಹಿಡಿದು ತೂತು ಹೊಡೆಯುವುದರಲ್ಲಿ ಗಟ್ಟಿಗ. ಆದರೆ ಮದ್ದಿನ ಡಬ್ಬಿ ಬಿಚ್ಚಿದರೆ ಅವನಿಗೆ ಎಲ್ಲಿಲ್ಲದ ಕೆಲಸ ನೆನಪಾಗುತ್ತಿತ್ತು. ಎರಡು ಹೊಲ ಆಚೆ ಹೋಗಿ ಬೀಡಿ ಹಚ್ಚಿ ಕೂತುಬಿಡುತ್ತಿದ್ದ. ಬತ್ತಿಗೆ ಬೆಂಕಿ ಇಡುವವಳು ಯಮನಮ್ಮನೇ.

ಈ ವಿದ್ಯೆ ಆಕೆಗೆ ಬಂದದ್ದು ತಂದೆ ಯಂಕೋಬನಿಂದ. ಗುರುಗುಂಟಾದವನು. ಗಂಡುಮಕ್ಕಳಿರಲಿಲ್ಲ. ಮಗಳು ಬುತ್ತಿ ತರುತ್ತಿದ್ದವಳು ಮೊದಲು ತೂತಿಗೆ ಜಡಿಯುವ ಮಣ್ಣು ಕಲಸಲು ಕಲಿತಳು, ಆಮೇಲೆ ಬತ್ತಿ ಹೊಸೆಯಲು, ಕೊನೆಗೆ ಮದ್ದಿನ ಅಳತೆ. ಯಂಕೋಬನದೊಂದು ಕಟ್ಟಳೆ ಇತ್ತು. ಹಾರಿಸಿದ ಮೇಲೆ ಯಾರೂ ಒಂದು ಕಲ್ಲು ಸರಿಸುವ ಮೊದಲು ಗುಂಡಿಯ ಸುತ್ತ ಒಂದು ಸುತ್ತು ಬರಬೇಕು. ಮದ್ದು ಹೆಚ್ಚಾಯಿತೋ, ತೂತು ಮೇಲಾಯಿತೋ, ಮಣ್ಣು ಎಷ್ಟು ದೂರ ಹಾರಿತು, ದಂಡೆ ಎಲ್ಲಿ ಕುಸಿಯಿತು, ಎಲ್ಲವನ್ನೂ ಕಣ್ಣಲ್ಲಿ ತುಂಬಿಕೊಳ್ಳಬೇಕು. ಯಂಕೋಬ ಕಡೆಗಾಲಕ್ಕೆ ಪೂರಾ ಕಿವುಡನಾದ. ಯಮನಮ್ಮನ ಬಲಗಿವಿಯೂ ಮೂವತ್ತಕ್ಕೇ ಮಂದವಾಗಿತ್ತು. ಆದರೆ ಒಂದು ಗುಂಡಿಯನ್ನು ನೋಡಿ ಅದು ಹೇಗೆ ಆಯಿತೆಂದು ಹೇಳುವುದರಲ್ಲಿ ಆಕೆಗೆ ಸಾಟಿ ಇರಲಿಲ್ಲ. ಆಕೆ ನೀರು ಬರಿಸಿದ ಎಷ್ಟೋ ಬಾವಿಗಳಲ್ಲಿ ಆಕೆಯ ಕೊಡ ಇಳಿಯುವಂತಿರಲಿಲ್ಲ. ಕೆಲಸ ಮುಗಿದ ಮರುದಿನದಿಂದ ಆ ಮೆಟ್ಟಿಲು ಆಕೆಯ ಕೇರಿಯವರದಲ್ಲ. ಅದನ್ನು ಯಮನಮ್ಮ ಮರೆತವಳಲ್ಲ. ಆದರೂ ಇನ್ನೊಂದು ಊರಿನಿಂದ ಬುಲಾವು ಬಂದರೆ ಹಿಂದಿನ ರಾತ್ರಿ ಆಕೆಗೆ ನಿದ್ದೆ ಬರುತ್ತಿರಲಿಲ್ಲ. ನಾಳೆ ಯಾವ ಬಂಡೆಯೋ, ಒಳಗೆ ಏನಿದೆಯೋ ಎಂಬ ಸಡಗರ.

ನಿಜಾಮರ ಲೆಕ್ಕದ ಫಸಲಿ ಸಾವಿರದ ಮುನ್ನೂರ ಐವತ್ತೈದರ ಚಳಿಗಾಲ, ಇಂಗ್ಲಿಷ್ ಲೆಕ್ಕಕ್ಕೆ ಸಾವಿರದ ಒಂಬೈನೂರ ನಲವತ್ತೈದರ ಕೊನೆ. ತುಂಗಭದ್ರೆಗೆ ಅಣೆ ಕಟ್ಟಿ ಕಾಲುವೆ ತರುವ ಮಾತು ಗಟ್ಟಿಯಾಗಿತ್ತು. ಕಾಲುವೆ ಎಲ್ಲಿ ಹಾಯಬೇಕೆಂದು ಅಳೆಯುವುದಕ್ಕೆ ಸರ್ವೇಯವರು ಮಸ್ಕಿಯ ಹೊರಗೆ ಡೇರೆ ಹಾಕಿದ್ದರು. ಅವರ ಮೇಲ್ವಿಚಾರಕ ಚಾಂದ್‌ಪಾಷಾ ಎಂಬ ರಾಯಚೂರಿನ ಯುವಕ. ನೆಲದಡಿ ಎಷ್ಟು ಆಳಕ್ಕೆ ಬಂಡೆ ಇದೆ ಎಂದು ತಿಳಿಯಲು ಅಲ್ಲಲ್ಲಿ ಪರೀಕ್ಷೆಯ ಗುಂಡಿ ತೋಡಿಸುತ್ತಿದ್ದ. ಹಾರೆ ಇಳಿಯದ ಕಡೆ ಯಮನಮ್ಮನಿಗೆ ಹೇಳಿಕಳಿಸುತ್ತಿದ್ದ. ಆಕೆ ಹಾರಿಸಿದ ಗುಂಡಿಯ ಸುತ್ತ ಸುತ್ತು ಬಂದು, ಕೆಳಗೆ ಬಿಳಿಗರಸು ಎಂಬ ಜಲ್ಲಿಮಣ್ಣು ಎಷ್ಟಿದೆ, ಆಮೇಲೆ ಯಾವ ಕಲ್ಲು ಸಿಗುತ್ತದೆ ಎಂದು ಹೇಳಿದ್ದು ತಪ್ಪುತ್ತಿರಲಿಲ್ಲ. ಒಂದು ವಾರದಲ್ಲೇ ಚಾಂದ್‌ಪಾಷಾ ಆಕೆಯ ಮಾತನ್ನು ತನ್ನ ಪುಸ್ತಕದಲ್ಲಿ ಬರೆದುಕೊಳ್ಳತೊಡಗಿದ.

ಒಂದು ಸಂಜೆ, ದೀಪ ಹಚ್ಚಿ ಸ್ವಲ್ಪ ಹೊತ್ತಾಗಿತ್ತು, ನಾಳೆಯ ಜಾಗ ಯಾವುದೆಂದು ಕೇಳಲು ಯಮನಮ್ಮ ಡೇರೆಗೆ ಬಂದಳು. ಚಾಂದ್‌ಪಾಷಾ ಅಳತೆಯ ದುರ್ಬೀನನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ ಪಡುವಣಕ್ಕೆ ತಿರುಗಿಸಿದ್ದ. ಅಂದು ಪಂಚಮಿ. ಎಳೆಯ ಚಂದ್ರ ಪಡುವಣಕ್ಕೆ ಇಳಿಯುತ್ತಿದ್ದ. ನೋಡುತ್ತೀಯಾ ಎಂದು ಅವನು ಕೇಳಿದ. ಆಕೆ ಸೆರಗಿನಿಂದ ಕೈ ಒರೆಸಿಕೊಂಡು, ಎಡಗಣ್ಣು ಮುಚ್ಚಿ ಬಲಗಣ್ಣು ಹಚ್ಚಿದಳು.

ಮೊದಲು ಬೆಳಕು ಬಿಟ್ಟರೆ ಏನೂ ಕಾಣಲಿಲ್ಲ. ಆಮೇಲೆ ನಿಚ್ಚಳವಾಯಿತು. ಬೆಳಕು ಮುಗಿದು ಕತ್ತಲು ಶುರುವಾಗುವ ಗೆರೆಯಲ್ಲಿ ಒಂದು ದುಂಡನೆಯ ಗುಂಡಿ. ಸುತ್ತ ಎತ್ತರದ ದಂಡೆ, ಒಳಗೆಲ್ಲ ನೆರಳು ತುಂಬಿ ಕಪ್ಪಗೆ. ಆ ಕಪ್ಪಿನ ನಟ್ಟನಡುವೆ, ಕೋಣೆಯಲ್ಲಿಟ್ಟ ಹಣತೆಯಂತೆ, ಒಂದೇ ಒಂದು ಬೆಳಕಿನ ಚುಕ್ಕೆ. ಆಕೆ ಕೈ ಚಾಚಿ ದುರ್ಬೀನಿನ ಕಾಲು ಹಿಡಿದಳು. ಚಂದ್ರನೆಲ್ಲ ನಡುಗಿಬಿಟ್ಟ. ಚಾಂದ್‌ಪಾಷಾ ಮೆಲ್ಲಗೆ ಆಕೆಯ ಕೈ ಬಿಡಿಸಿ ತಿರುಪು ತಿರುಗಿಸಿ ಗುಂಡಿಯನ್ನು ಮತ್ತೆ ಕಣ್ಣಿಗೆ ತಂದ.

"ಸಾಹೇಬ್ರ, ಇದನ್ನ ಯಾರು ಹಾರಿಸ್ಯಾರ?" ಎಂದಳು ಯಮನಮ್ಮ.

ಚಾಂದ್‌ಪಾಷಾ ನಗಲಿಲ್ಲ. ಅವು ಬೆಂಕಿ ಉಗುಳುವ ಗುಡ್ಡಗಳ ಬಾಯಿ ಎಂದು ಪುಸ್ತಕದಲ್ಲಿ ಬರೆದಿದ್ದಾರೆ ಎಂದ. ನೆಲದೊಳಗಿನ ಕಲ್ಲು ಕುದಿದು ಮೇಲೆ ಉಕ್ಕಿ, ಗುಡ್ಡದ ನೆತ್ತಿಯಲ್ಲಿ ತೂತಾಗುತ್ತದೆ ಎಂದು ಬಿಡಿಸಿ ಹೇಳಿದ. ಈ ಗುಂಡಿಗೆ ಥಿಯೋಫಿಲಸ್ ಎಂಬ ಹೆಸರಿದೆ, ಲಿಂಗಸುಗೂರಿನಿಂದ ರಾಯಚೂರಿಗೆ ಎಷ್ಟೋ ಅಷ್ಟು ಅಗಲ ಎಂದ. ಯಮನಮ್ಮ ಕಣ್ಣು ತೆಗೆಯದೆ ಕೇಳಿಸಿಕೊಂಡಳು.

"ಬರದವ್ರು ಗುಂಡಿ ಸುತ್ತ ತಿರುಗ್ಯಾಡಿಲ್ರಿ. ಗುಡ್ಡದ ನೆತ್ತಿ ಆಗಿದ್ರ ತಳ ಮ್ಯಾಲ ಇರಬೇಕಿತ್ತು. ನೆರಳು ನೋಡ್ರಿ, ಒಳಗಿನ ತಳ ಹೊರಗಿನ ನೆಲಕ್ಕಿಂತ ಕೆಳಗೈತಿ. ದಂಡಿ ಮಾತ್ರ ಮ್ಯಾಲೈತಿ. ಒಳಗಿಂದು ಎದ್ದು ಸುತ್ತ ಬಿದ್ದೈತಿ. ಇದು ಕುದ್ದಿದ್ದಲ್ಲ, ಏಟು ಬಿದ್ದದ್ದು."

ಹಾಗಾದರೆ ನಡುವಿನ ಆ ಗುಡ್ಡ ಯಾಕಿದೆ ಎಂದು ಅವನು ಕೇಳಿದ. ಅದಕ್ಕೂ ಆಕೆಯ ಬಳಿ ಉತ್ತರವಿತ್ತು. ಬಾವಿಯ ತಳದ ಮಂದ ಕೆಸರಿಗೆ ಮೇಲಿನಿಂದ ದೊಡ್ಡ ಗುಂಡು ಬಿದ್ದರೆ ಕೆಸರು ಮೊದಲು ಸುತ್ತ ಸರಿಯುತ್ತದೆ, ಮರುಗಳಿಗೆ ನಡುವಿನಲ್ಲಿ ಮೇಲಕ್ಕೆ ಜಿಗಿಯುತ್ತದೆ. ಕೆಸರು ಮತ್ತೆ ಕೂತುಬಿಡುತ್ತದೆ. ಇಲ್ಲಿ ಕಲ್ಲು, ಜಿಗಿದದ್ದು ಹಾಗೇ ನಿಂತಿದೆ. ಒಳಗೋಡೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದಲ್ಲ, ಅದು ಏಟಿನ ಆಮೇಲಿನ ಕೆಲಸ. ಗೋಡೆ ಕಡಿದಾದರೆ ಬಾವಿಯಲ್ಲೂ ಹಾಗೇ ಜಾರಿ ಕೂರುತ್ತದೆ. ಪಕ್ಕದಲ್ಲಿ ಇನ್ನೊಂದು ಹಳೆಯ ಗುಂಡಿ ಇತ್ತು. ಅದರ ದಂಡೆಯನ್ನು ಇದು ಕಡಿದುಕೊಂಡು ಕೂತಿತ್ತು. "ಅದು ಅಕ್ಕ, ಇದು ತಂಗಿ," ಎಂದಳು. ಮಾತಾಡುತ್ತಾ ಆಡುತ್ತಾ ಒಂದು ಗಂಟೆ ಹೋಯಿತು. ಕತ್ತಲ ನಡುವಿನ ಆ ಚುಕ್ಕೆಯ ಪಕ್ಕದಲ್ಲಿ ಇನ್ನೊಂದು ಚುಕ್ಕೆ ಹೊತ್ತಿತು. ಅಲ್ಲಿ ಸೂರ್ಯ ಹುಟ್ಟುತ್ತಿದ್ದಾನೆ, ಗುಡ್ಡದ ಎರಡನೆಯ ತುದಿಗೆ ಈಗ ಬಿಸಿಲು ಬಿತ್ತು ಎಂದು ಚಾಂದ್‌ಪಾಷಾ ಹೇಳಿದಾಗ ಯಮನಮ್ಮ ಓಡಿ ಹೋಗಿ, ದೂರದಲ್ಲಿ ಕೂತಿದ್ದ ಮುದುಕಪ್ಪನ ರಟ್ಟೆ ಹಿಡಿದು ಎಳೆದು ತಂದಳು. ಮುದುಕಪ್ಪ ನೋಡಿದ, ಚೆನ್ನಾಗಿದೆ ಎಂದ, ರೊಟ್ಟಿ ಯಾವಾಗ ಎಂದು ಕೇಳಿದ.

ಎರಡು ದಿನ ಬಿಟ್ಟು ಲಿಂಗಸುಗೂರಿನಿಂದ ಬಸವಂತರಾಯ ಮಾಸ್ತರರು ಸವಾರಿ ಬಂಡಿಯಲ್ಲಿ ಬಂದರು. ಚಾಂದ್‌ಪಾಷಾನಿಗೆ ಹಿಂದೆ ಗಣಿತ ಕಲಿಸಿದವರು. ಚಾಂದ್‌ಪಾಷಾ ಓದಿದ್ದ ಚಂದ್ರನ ಪುಸ್ತಕ ಅವರು ಕೊಟ್ಟದ್ದೇ. ಶಿಷ್ಯ ಬರೆದ ಚೀಟಿ ಓದಿ, ಬಾವಿ ತೋಡುವ ಹೆಂಗಸೊಬ್ಬಳು ಪುಸ್ತಕವನ್ನು ಸುಳ್ಳು ಮಾಡಿದ್ದಾಳೆಂದು ಕುತೂಹಲದಿಂದ ಬಂದಿದ್ದರು. ಆ ಸಂಜೆ ಯಮನಮ್ಮ ನೋಡಿ ಸರಿದ ಮೇಲೆ ಅವರು ಅಂಗವಸ್ತ್ರದ ಚುಂಗಿನಿಂದ ದುರ್ಬೀನಿನ ಗಾಜು ಒರೆಸಿ ಕಣ್ಣಿಟ್ಟರು. ಆಕೆ ಕಂಡೂ ಕಾಣದಂತೆ ಬೇರೆ ಕಡೆ ನೋಡಿದಳು.

ಮಾಸ್ತರರು ಸಾವಧಾನವಾಗಿ ಮಾತಾಡುವವರು. ಆಕಾಶದಿಂದ ಕಲ್ಲು ಬೀಳುವುದು ಸುಳ್ಳಲ್ಲ ಎಂದು ಒಪ್ಪಿಕೊಂಡರು. ಆದರೆ ಕಲ್ಲು ಎಲ್ಲ ದಿಕ್ಕಿನಿಂದ ಬರುತ್ತದೆ, ಹೆಚ್ಚಿನವು ಓರೆಯಾಗಿಯೇ ಬೀಳಬೇಕು. ಓರೆಯಾಗಿ ಬಿದ್ದ ಕಲ್ಲು ಉದ್ದನೆಯ ಗೀರು ಎಳೆಯುತ್ತದೆ. ಚಂದ್ರನ ಮೇಲಿರುವ ಸಾವಿರಾರು ಗುಂಡಿಗಳು ಬಳೆಯಂತೆ ದುಂಡಗಿವೆ. ದೊಡ್ಡ ದೊಡ್ಡ ವಿದ್ವಾಂಸರು ಇದನ್ನೇ ಹೇಳಿದ್ದಾರೆ, ಇದಕ್ಕೆ ಏನು ಹೇಳುತ್ತೀ ಎಂದು ಕೇಳಿದರು.

ಮಾಸ್ತರರು ಬೆಳಿಗ್ಗೆಯವರೆಗೆ ಇರುವುದಾದರೆ ತೋರಿಸುತ್ತೇನೆ ಎಂದಳು ಯಮನಮ್ಮ.

ಬೆಳಿಗ್ಗೆ ಸಿಂಧನೂರಿನ ದಾರಿಯ ಒಂದು ಬೀಳು ಹೊಲ. ಮೇಲೆ ಎರಡು ಅಡಿ ಕರಿ ಯರೆಮಣ್ಣು, ಅದರ ಕೆಳಗೆ ಬಿಳಿಗರಸು. ಮಾಸ್ತರರನ್ನು ಡೇರೆಯಲ್ಲೇ ಕೂರಿಸಿ, ಮುದುಕಪ್ಪನ ಕೈಯಲ್ಲಿ ಮೂರು ತೂತು ಹೊಡೆಸಿದಳು. ಒಂದು ನೆಟ್ಟಗೆ, ಒಂದು ಅರ್ಧ ಓರೆ, ಇನ್ನೊಂದು ಹಾವಿನ ಬಿಲದಂತೆ ಪೂರ್ತಿ ಓರೆ. ಮೂರರಲ್ಲೂ ಮದ್ದು ಕೂರುವ ಆಳ ಒಂದೇ, ಮದ್ದಿನ ಅಳತೆ ಒಂದೇ. ಯಾವುದು ಯಾವುದೆಂದು ಚಾಂದ್‌ಪಾಷಾ ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡ. ಆಮೇಲೆ ಯಮನಮ್ಮ ಕೆಂಪು ಬಟ್ಟೆ ಬೀಸಿ ದಾರಿಹೋಕರನ್ನು ನಿಲ್ಲಿಸಿದಳು. ಮುದುಕಪ್ಪ ಆಗಲೇ ಎರಡು ಹೊಲ ದಾಟಿದ್ದ. ಒಂದೊಂದಕ್ಕೇ ಬೆಂಕಿ ಇಟ್ಟು ಓಡಿ ಬಂದು ದಿಬ್ಬದ ಹಿಂದೆ ಕೂತಳು. ಮೂರು ಸಲ ನೆಲ ಗುದ್ದಿತು. ಮೂರು ಸಲ ಕರಿಮಣ್ಣಿನ ಛತ್ರಿ ಎದ್ದು ಬಿಚ್ಚಿ ಬಿತ್ತು.

ಹೊಗೆ ಹೋದ ಮೇಲೆ ಮಾಸ್ತರರನ್ನು ಕರೆದು, ಓರೆ ಯಾವುದು ನೆಟ್ಟಗಿನದು ಯಾವುದು ಹೇಳಿರಿ ಎಂದಳು. ಬಸವಂತರಾಯರು ಧೋತರದ ಅಂಚು ಎತ್ತಿ ಹಿಡಿದು ಒಂದೊಂದನ್ನೂ ಸುತ್ತಿದರು. ಚಾಂದ್‌ಪಾಷಾ ಟೇಪು ಹಿಡಿದು ಉದ್ದ ಅಳೆದ, ಅಡ್ಡ ಅಳೆದ. ಮೂರೂ ಐದಡಿಯ ಆಸುಪಾಸು, ಮೂರೂ ದುಂಡಗೆ, ಉದ್ದಕ್ಕೂ ಅಡ್ಡಕ್ಕೂ ಒಂದೆರಡು ಅಂಗುಲದ ವ್ಯತ್ಯಾಸ. ದಂಡೆ ಸುತ್ತ ಎದ್ದು ನಿಂತಿತ್ತು. ಹಾರಿದ ಹೆಂಟೆಗಳು ದೂರ ಬಿದ್ದು ತಾವೂ ಸಣ್ಣ ಸಣ್ಣ ಗುಂಡಿ ಮಾಡಿದ್ದವು. ಮಾಸ್ತರರು ಬಹಳ ಹೊತ್ತು ಯೋಚಿಸಿ ನಡುವಿನದನ್ನು ತೋರಿಸಿ ಇದೇ ಪೂರ್ತಿ ಓರೆಯದು ಎಂದರು. ಚಾಂದ್‌ಪಾಷಾ ಚೀಟಿ ಬಿಚ್ಚಿ ಕೈಗೆ ಕೊಟ್ಟ. ನಡುವಿನದು ನೆಟ್ಟಗಿನ ತೂತು.

ಮಾಸ್ತರರ ಮುಖ ಅರಳಿತು. ಸೋತವರ ಮುಖವಲ್ಲ ಅದು, ಗಣಿತ ಬಿಡಿಸಿದ ಹುಡುಗನ ಮುಖ. "ಮದ್ದಿಗೆ ದಿಕ್ಕಿಲ್ಲ, ಹೌದಲ್ಲ," ಎಂದು ತಮ್ಮಷ್ಟಕ್ಕೆ ಎರಡು ಸಲ ಹೇಳಿಕೊಂಡರು. ಆದರೆ ಬಂಡಿ ಹತ್ತುವ ಮೊದಲು ತಿರುಗಿ ನಿಂತು ಇನ್ನೊಂದು ಪ್ರಶ್ನೆ ಹಾಕಿದರು.

"ಎಲ್ಲಾ ಖರೆ ಯಮನವ್ವ. ಆದ್ರ ಮ್ಯಾಲಿಂದ ಬಿದ್ದ ಕಲ್ಲಿನಾಗ ಮದ್ದು ಎಲ್ಲಿಂದ ಬಂತು?"

ಯಮನಮ್ಮ ಮತ್ತೆ ಆ ಮೂರು ಗುಂಡಿಗಳ ಕಡೆ ತಿರುಗಿ ನೋಡಿದಳು. ಬಂಡಿ ಹೋಯಿತು.

ಮೂರು ದಿನ ಯಮನಮ್ಮನಿಗೆ ಊಟ ರುಚಿಸಲಿಲ್ಲ. ರೊಟ್ಟಿ ಬಡಿಯುವಾಗ ಹಿಟ್ಟಿನ ಮೇಲೆ ಬೆರಳಿನಿಂದ ಚುಚ್ಚಿ ನೋಡುತ್ತಿದ್ದಳು. ಕೆಸರಿಗೆ ಕಲ್ಲು ಎಸೆದು ನೋಡಿದಳು. ಓರೆಯಾಗಿ ಎಸೆದರೆ ಮಾಸ್ತರರು ಹೇಳಿದಂತೆ ಗೀರೇ ಬೀಳುತ್ತಿತ್ತು. ಮದ್ದಿಲ್ಲದೆ ದುಂಡನೆಯ ಗುಂಡಿ ಇಲ್ಲ. ಚಂದ್ರನಲ್ಲಿ ಮದ್ದು ಇಟ್ಟವರಿಲ್ಲ. ಮುದುಕಪ್ಪ, ಚಂದ್ರನ ಗುಂಡಿ ಕಟ್ಟಿಕೊಂಡು ನಮಗೇನು ಆಗಬೇಕಿದೆ ಎಂದು ಗೊಣಗಿದ.

ನಾಲ್ಕನೆಯ ದಿನ ಒಂದು ಗುಂಡಿಯ ತಳದಲ್ಲಿ ಕಗ್ಗಲ್ಲು ಸಿಕ್ಕಿತು. ಮುದುಕಪ್ಪ ಹಾರೆ ಹಿಡಿದ, ಇನ್ನೊಬ್ಬ ಕೂಲಿಯವನು ಸುತ್ತಿಗೆಯಿಂದ ಬಾರಿಸುತ್ತಿದ್ದ. ಒಂದೊಂದು ಏಟಿಗೂ ಕಿಡಿ ಹಾರುತ್ತಿತ್ತು. ಹೊತ್ತು ನೆತ್ತಿಗೇರುವ ತನಕ ಬಾರಿಸಿ ನಿಲ್ಲಿಸಿದರು. ಯಮನಮ್ಮ ತೂತು ನೋಡಲು ಇಳಿದು ಹಾರೆಯ ತಲೆಯನ್ನು ಹಿಡಿದವಳು ಹಾ ಎಂದು ಕೈ ಬಿಟ್ಟಳು. ಅಂಗೈ ಚುರ್ ಎಂದಿತ್ತು. ಈ ಬಿಸಿ ಆಕೆಗೆ ಹೊಸದಲ್ಲ. ಇಪ್ಪತ್ತು ವರ್ಷ ಕಂಡದ್ದೇ. ಆದರೆ ಆ ಗಳಿಗೆಯಲ್ಲಿ ಆಕೆ ಸುಟ್ಟ ಅಂಗೈಯನ್ನೇ ನೋಡುತ್ತಾ ನಿಂತಳು. ಬೆಂಕಿ ಇಟ್ಟವರಿಲ್ಲ, ಕಟ್ಟಿಗೆ ಇಲ್ಲ. ಬರೀ ಏಟು. ಕೈಯ ಏಟಿಗೇ ಇಷ್ಟು ಬೆಂಕಿ ಹುಟ್ಟುವುದಾದರೆ?

ಗುಂಡಿಯಿಂದ ಮೇಲೆ ಹತ್ತಿ ಡೇರೆಯ ಕಡೆ ಓಡಿದಳು. ಹಿಂದೆ ಮುದುಕಪ್ಪ ಏನಾಯಿತೆಂದು ಕೂಗುತ್ತಿದ್ದ. ಚಾಂದ್‌ಪಾಷಾ ನಕ್ಷೆ ಬಿಡಿಸುತ್ತಿದ್ದವನು ತಲೆ ಎತ್ತಿದ.

"ಏಟಽ ಮದ್ದು ಆಗತೈತ್ರಿ ಸಾಹೇಬ್ರ. ಸುತ್ತಿಗಿ ಏಟಿಗೆ ಕಿಡಿ ಹಾರತೈತಿ, ಕಬ್ಬಿಣದ ಹಾರಿ ಸುಡತೈತಿ. ಗುಡ್ಡದಷ್ಟು ಕಲ್ಲು ಆಕಾಶದಿಂದ ಬಂದು ಬಡದ್ರ ಎಷ್ಟು ಬೆಂಕಿ ಹುಟ್ಟಬೇಕು ಹೇಳ್ರಿ. ಆ ಕಲ್ಲು ಕಲ್ಲಾಗಿ ಉಳಿಯಾಂಗಿಲ್ಲ. ಅಲ್ಲೇ ಸಿಡದು ಹೋಗತೈತಿ. ಓರೆ ಬರಲಿ, ನೆಟ್ಟಗ ಬರಲಿ."

ಚಾಂದ್‌ಪಾಷಾನ ಕೈಯಲ್ಲಿದ್ದ ಪೆನ್ಸಿಲು ಹಾಗೇ ನಿಂತಿತು. ಬಂದೂಕಿನ ಗುಂಡು ದಪ್ಪ ಕಬ್ಬಿಣದ ತಗಡಿಗೆ ಬಡಿದಾಗ ಬೆಂಕಿ ಮಿಂಚಿ, ಸೀಸ ಕರಗಿ ಚೆಲ್ಲಿದ್ದನ್ನು ಅವನು ರಾಯಚೂರಿನಲ್ಲಿ ಒಮ್ಮೆ ನೋಡಿದ್ದ. ಅದನ್ನು ಹೇಳಿದ. ಆಕಾಶದ ಕಲ್ಲು ಬಂದೂಕಿನ ಗುಂಡಿಗಿಂತ ಎಷ್ಟೋ ಪಟ್ಟು ಜೋರಾಗಿ ಬರುತ್ತದೆ ಎಂದೂ ಹೇಳಿದ. ಯಮನಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅಂಗೈ ಉರಿಯುತ್ತಿತ್ತು, ಆಕೆ ನಗುತ್ತಿದ್ದಳು. ಡೇರೆಯ ಅಡುಗೆಯವಳಾದ ಸಕೀನಾಬೀ ಓಡಿ ಬಂದು ಸುಟ್ಟ ಕೈಗೆ ಎಣ್ಣೆ ಹಚ್ಚಿದಳು.

ಮಾಸ್ತರರಿಗೆ ಅಂದೇ ಚೀಟಿ ಹೋಯಿತು. ಹುಣ್ಣಿಮೆಯ ಸಂಜೆ ಅವರು ಮತ್ತೆ ಬಂದರು. ಹೊತ್ತು ಮುಳುಗುತ್ತಿದ್ದಂತೆ ಮೂಡಣದಲ್ಲಿ ಯರೆ ಹೊಲಗಳ ಆಚೆಯಿಂದ ಚಂದ್ರ ಕೆಂಪಗೆ ಎದ್ದ. ಯಮನಮ್ಮ ಮೊದಲು ತನ್ನ ಗುಂಡಿಯನ್ನು ಹುಡುಕಿದಳು. ಸಿಗಲಿಲ್ಲ. ಆಮೇಲೆ ತಾನೇ ತಿಳಿದುಕೊಂಡಳು: ಈಗ ಅಲ್ಲಿ ನೆರಳಿಲ್ಲ. ನಡುಮಧ್ಯಾಹ್ನ ಹೊಲದ ಬದುಗಳು ಕಾಣುವುದಿಲ್ಲವಲ್ಲ, ಹಾಗೆ. ಆದರೆ ನೆರಳು ಹೋದ ಕಡೆ ಬೇರೊಂದು ಕಾಣಿಸಿತು. ದುರ್ಬೀನಿನಲ್ಲಿ ಎಲ್ಲ ತಲೆಕೆಳಗಾಗಿ ಕಾಣುತ್ತಿತ್ತು. ಮೇಲ್ತುದಿಯ ಬಳಿ ಒಂದು ಬೆಳ್ಳನೆಯ ಗುಂಡಿ, ಅದರಿಂದ ಎಲ್ಲ ದಿಕ್ಕಿಗೂ ಬಿಳಿಯ ಪಟ್ಟೆಗಳು. ಒಂದಂತೂ ಅರ್ಧ ಚಂದ್ರನನ್ನು ದಾಟಿ ಹೋಗಿತ್ತು. ಅದರ ಹೆಸರು ಟೈಕೋ ಎಂದು ಮಾಸ್ತರರು ಹೇಳಿದರು. ಆ ಪಟ್ಟೆಗಳೇನೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ ಎಂದರು.

ಯಮನಮ್ಮ ಲಾಟೀನು ಎತ್ತಿಕೊಂಡು ನಡೆದಳು. ಮಾಸ್ತರರೂ ಚಾಂದ್‌ಪಾಷಾನೂ ಹಿಂದೆ ಹೋದರು. ವಾರದ ಹಿಂದೆ ಹಾರಿಸಿದ ಮೂರು ಗುಂಡಿಗಳು ಬೆಳದಿಂಗಳಲ್ಲಿ ಬಿದ್ದಿದ್ದವು. ಲಾಟೀನು ಎತ್ತರಕ್ಕೆ ಹಿಡಿದಳು. ಕರಿ ಹೊಲದ ಮೇಲೆ, ಒಂದೊಂದು ಗುಂಡಿಯಿಂದಲೂ, ಕೆಳಗಿನ ಬಿಳಿಗರಸು ಸಿಡಿದು ಪಟ್ಟೆ ಪಟ್ಟೆಯಾಗಿ ಹತ್ತು ಹದಿನೈದು ಮಾರು ದೂರ ಚೆಲ್ಲಿತ್ತು. ಆ ಬೆಳಿಗ್ಗೆ ದುಂಡು ಅಳೆಯುವ ಗಡಿಬಿಡಿಯಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ.

"ಒಳಗಿಂದು ಬೆಳ್ಳಗ, ಮ್ಯಾಲಿಂದು ಕರ್ರಗ," ಎಂದಳು. "ಅಲ್ಲೂ ಹಂಗಽ ಐತ್ರಿ. ಅದು ಹೊಸಾ ಗುಂಡಿ. ಹಳೇವಾದ್ರ ಬಿಳುಪು ಮಾಸತೈತಿ."

ಬಸವಂತರಾಯರು ಬಾಗಿ ಒಂದು ಹಿಡಿ ಬಿಳಿಗರಸು ಎತ್ತಿಕೊಂಡು ಬೆಳದಿಂಗಳಿಗೆ ಹಿಡಿದರು. ತಿರುಗಿ ಡೇರೆಗೆ ಬಂದಾಗ ಯಮನಮ್ಮ ಇನ್ನೊಮ್ಮೆ ಟೈಕೋ ನೋಡಿದಳು. ಆಕೆ ಕಣ್ಣು ತೆಗೆದ ತಕ್ಷಣ ಮಾಸ್ತರರು ಗಡಿಬಿಡಿಯಿಂದ ತಮ್ಮ ಕಣ್ಣು ಹಚ್ಚಿದರು. ಗಾಜು ಒರೆಸುವುದು ಅವರಿಗೆ ನೆನಪಾಗಲಿಲ್ಲ, ಅಥವಾ ಬೇಡವೆನಿಸಿತು. ಡೇರೆಯ ಮುಂದೆ ಕೂಲಿಯವರೆಲ್ಲ ಸರದಿ ನಿಂತರು. ಯಮನಮ್ಮ ಪ್ರತಿಯೊಬ್ಬರ ಕಿವಿಯ ಬಳಿ ನಿಂತು, ಎಲ್ಲಿ ನೋಡಬೇಕು, ಏನು ನೋಡಬೇಕು ಎಂದು ಹೇಳುತ್ತಲೇ ಇದ್ದಳು. ಗಂಟಲು ಬಿದ್ದರೂ ನಿಲ್ಲಿಸಲಿಲ್ಲ.

ಮಾಸ್ತರರು ಊರಿಗೆ ಹೋಗಿ ಇದನ್ನೆಲ್ಲ ಬರೆದು, ಚಾಂದ್‌ಪಾಷಾ ಬಿಡಿಸಿದ ಮೂರು ಗುಂಡಿಗಳ ನಕ್ಷೆ ಇಟ್ಟು, ಹೈದರಾಬಾದಿನ ಒಬ್ಬ ಖಗೋಳ ಪಂಡಿತರಿಗೆ ಕಳಿಸಿದರು. ಮದ್ದಿನ ಕೆಲಸದ ಯಮನಮ್ಮ, ಮಸ್ಕಿ ಎಂದು ಮೊದಲ ಸಾಲಿನಲ್ಲೇ ಬರೆದಿದ್ದರು. ತಿಂಗಳುಗಳು ಹೋದವು. ಸರ್ವೇಯ ಡೇರೆ ಮಸ್ಕಿಯಿಂದ ಎದ್ದು ಜವಳಗೇರಾದ ಕಡೆ ಹೋಯಿತು. ಯಮನಮ್ಮನೂ ಅಲ್ಲಿಗೆ ಹೋಗಿ ಕೆಲಸ ಮಾಡುತ್ತಿದ್ದಳು. ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ದಿನ ಬಸವಂತರಾಯರು ಬಂಡಿ ಮಾಡಿಕೊಂಡು ಅಲ್ಲಿಯವರೆಗೆ ಬಂದರು. ಬಿಸಿಲಿನಲ್ಲಿ ಬೆವತು ಮುದ್ದೆಯಾಗಿದ್ದರು, ಕೈಯಲ್ಲಿ ಕಾಗದ.

ಉತ್ತರ ಬಂದಿತ್ತು. ಈ ವಿಷಯ ವಿದ್ವಾಂಸರಲ್ಲಿ ಇನ್ನೂ ತೀರ್ಮಾನವಾಗಿಲ್ಲ, ಹೆಚ್ಚಿನವರು ಬೆಂಕಿ ಗುಡ್ಡ ಎಂದೇ ನಂಬಿದ್ದಾರೆ ಎಂದು ಪಂಡಿತರು ಬರೆದಿದ್ದರು. ಆದರೆ ಪರದೇಶದಲ್ಲಿ ಒಬ್ಬಿಬ್ಬರು ಈ ಹೆಂಗಸು ಹೇಳಿದ್ದನ್ನೇ ಹೇಳಿದ್ದಾರೆ: ಅಷ್ಟು ವೇಗದಲ್ಲಿ ಬಂದ ಕಲ್ಲು ತಾನೇ ಸಿಡಿಮದ್ದಿನಂತೆ ಸಿಡಿಯುತ್ತದೆ, ಆದ್ದರಿಂದ ಓರೆಯಾಗಿ ಬಿದ್ದರೂ ಗುಂಡಿ ದುಂಡಗೆ ಆಗುತ್ತದೆ. ಮೂರು ತೂತಿನ ಪರೀಕ್ಷೆಯನ್ನು ತಾನು ಎಲ್ಲೂ ಓದಿಲ್ಲ, ಬಹಳ ಸಂತೋಷವಾಯಿತು, ಆಕೆಗೆ ತಿಳಿಸಬೇಕು ಎಂದು ಕೊನೆಗೆ ಬರೆದಿದ್ದರು.

ಮಾಸ್ತರರು ಇಂಗ್ಲಿಷಿನಲ್ಲಿದ್ದ ಕಾಗದವನ್ನು ಒಂದೊಂದೇ ಸಾಲು ಕನ್ನಡ ಮಾಡಿ ಓದಿದರು. ಯಮನಮ್ಮ ಎಡಗಿವಿಯನ್ನು ಅವರತ್ತ ತಿರುಗಿಸಿ, ಹಾರೆಗೆ ಒರಗಿ ನಿಂತು ಕೇಳಿದಳು. ಮುಗಿದ ಮೇಲೆ, ಪರದೇಶದ ಆ ಸಾಹೇಬರೂ ಬಾವಿಗೆ ಮದ್ದು ಹಾರಿಸುತ್ತಾರೇನು ಎಂದು ಕೇಳಿದಳು. ಇಲ್ಲ, ಬರೀ ಕಾಗದದ ಮೇಲೆ ಗಣಿತ ಮಾಡಿ ಕಂಡುಕೊಂಡದ್ದು ಎಂದರು ಮಾಸ್ತರರು.

ಯಮನಮ್ಮ ಬೆರಗಾದಳು. ಒಂದೂ ಗುಂಡಿ ಸುತ್ತದೆ, ಅಂಗೈ ಸುಟ್ಟುಕೊಳ್ಳದೆ, ಕೂತಲ್ಲೇ ಅದು ಹೇಗೆ ಗೊತ್ತಾಗುತ್ತದೆ?

"ಆ ಗಣಿತ ನನಗೂ ತಿಳೀತೈತೇನ್ರಿ ಮಾಸ್ತರ್ರ?"

ತಿಳಿಯದೆ ಏನು ಎಂದು ಬಸವಂತರಾಯರು ಅಗೆದ ಮಣ್ಣಿನ ಗುಡ್ಡೆಯ ಮೇಲೆಯೇ ಕೂತು, ಧೋತರಕ್ಕೆ ಮಣ್ಣಾದದ್ದನ್ನೂ ನೋಡದೆ, ಒಂದು ಚಪ್ಪಟೆ ಕಲ್ಲು ಎಳೆದುಕೊಂಡು ಇದ್ದಿಲಿನಿಂದ ಬರೆಯತೊಡಗಿದರು. ಯಮನಮ್ಮ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. ತೂತು ತಯಾರಾಗಿದೆ, ಮದ್ದು ತಾ ಎಂದು ಗುಂಡಿಯೊಳಗಿನಿಂದ ಮುದುಕಪ್ಪ ಕೂಗಿದ. ಆಕೆ ತಲೆ ಎತ್ತದೆ, ಸ್ವಲ್ಪ ತಡೆಯಬೇಕೆಂದು ಕೈ ಸನ್ನೆ ಮಾಡಿದಳು.